ಇಲ್ಲದ ಇಪ್ಪತ್ತಾರನೇ ಕಲ್ಲು

ಅಳತೆ ಮತ್ತು ತೂಕ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಪೇಟೆ ಬೀದಿಯ ಬಟ್ಟೆ ಅಂಗಡಿಯವನೊಬ್ಬನ ಬಹಿರಂಗ ಪತ್ರ

ಮಾನ್ಯರೇ,

ನನ್ನ ಕಾರಿನ ಮೀಟರು ಸುಳ್ಳು ಹೇಳುತ್ತದೆ. ಇಪ್ಪತ್ತೈದು ಕಿಲೋಮೀಟರ್ ಓಡಿ ಇಪ್ಪತ್ತಾರು ಎನ್ನುತ್ತದೆ. ಆ ಸುಳ್ಳನ್ನು ಹಿಡಿದುಕೊಂಡು ಕಂಪನಿಯವರು ನನ್ನ ವಾರಂಟಿ ಮುಗಿಯಿತೆಂದರು. ಅದೇ ಸುಳ್ಳನ್ನು ನಂಬಿಕೊಂಡು ನಾನು ಮನೆಯಲ್ಲಿ ಮಾಡಬಾರದ ಕೆಲಸವೊಂದನ್ನು ಮಾಡಿದೆ. ಇವೆರಡರ ಮೇಲೆ ಇನ್ನೊಂದಿದೆ: ಅದೇ ಶೋರೂಮಿನಲ್ಲಿ, ಅದೇ ದಿನ, ಅದೇ ಕಾರು ಕೊಂಡ ನನ್ನ ಷಡ್ಡಕನ ಮೀಟರು ನಿಜ ಹೇಳುತ್ತದೆ. ಮೂರರಲ್ಲಿ ಯಾವುದು ಹೆಚ್ಚು ಸುಡುತ್ತಿದೆ ಎಂದು ತಾವು ಕೇಳಿದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೂರನೆಯದು.

ಹೌದು, ನನಗೆ ಹೊಟ್ಟೆಕಿಚ್ಚು. ತಾವು ಪತ್ರದ ಮಧ್ಯದಲ್ಲಿ ಎಲ್ಲೋ ಅದನ್ನು ಪತ್ತೆ ಹಚ್ಚಿ, ‘ಓಹೋ, ಇದು ಮನೆಜಗಳ’ ಎಂದು ಕಡತ ಮುಚ್ಚಬಾರದೆಂದು ನಾನೇ ಮೊದಲು ಒಪ್ಪಿಕೊಂಡುಬಿಡುತ್ತಿದ್ದೇನೆ. ಮನೆಜಗಳವೂ ಹೌದು. ಅಳತೆ ತಪ್ಪಿದ ಕಡೆಯೆಲ್ಲ ಕೊನೆಗೆ ಆಗುವುದು ಮನೆಜಗಳವೇ ಅಲ್ಲವೇ? ಇಲ್ಲದಿದ್ದರೆ ತಮ್ಮ ಕಚೇರಿಯಾದರೂ ಯಾಕೆ ಬೇಕಿತ್ತು?

ತಮಗೆ ನನ್ನ ನೆನಪಿರಲಾರದು. ನನ್ನ ಮೀಟರ್ ಕೋಲಿನ ನೆನಪು ಇದ್ದರೂ ಇರಬಹುದು. ನಾಲ್ಕು ವರ್ಷದ ಹಿಂದೆ ತಮ್ಮ ಇನ್ಸ್‌ಪೆಕ್ಟರು ನನ್ನ ಅಂಗಡಿಗೆ ಬಂದರು. ಕೈಚೀಲದಿಂದ ತಮ್ಮದೊಂದು ಕೋಲು ತೆಗೆದು, ನನ್ನ ಕೋಲಿನ ಪಕ್ಕ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು.

“ತುದಿ ಸವೆದಿದೆ. ಮೂರು ಮಿಲಿಮೀಟರ್ ಕಡಿಮೆ.”

“ಸಾರ್, ಕೂತು ಕೂತು ಏಳೋವಾಗ ನೆಲಕ್ಕೆ ಊರಿ ಏಳ್ತೀನಿ, ಅದಕ್ಕೇ ಸವೆದಿರಬೇಕು. ಆದ್ರೆ ನಾನು ಪ್ರತಿ ಗಿರಾಕಿಗೂ ಕೊನೇಲಿ ನಾಲ್ಕು ಬೆರಳು ಬಿಟ್ಟೇ ಕತ್ತರಿ ಹಾಕೋದು. ಬೇಕಾದ್ರೆ ಬೀದೀಲಿ ಕೇಳಿ.”

“ನಾಲ್ಕು ಬೆರಳು ನಮ್ಮ ಅಳತೇಲಿ ಬರಲ್ಲಾ ರೀ.”

ಕೋಲನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ಅರಗು ಹಾಕಿ, ನನ್ನ ಗಿರಾಕಿಗಳ ಎದುರಿಗೇ ತೆಗೆದುಕೊಂಡು ಹೋದರು. ‘ಇನ್ನು ಮುಂದೆ ಅಳತೆಯ ಕೋಲನ್ನು ಊರುಗೋಲಾಗಿ ಬಳಸುವುದಿಲ್ಲ’ ಎಂದು ನನ್ನ ಕೈಯಲ್ಲಿ ಬರೆಸಿಕೊಂಡರು. ಆವತ್ತು ಸಿಟ್ಟು ಬಂದಿತ್ತು. ಈಗ ತಣ್ಣಗೆ ಕೂತು ಯೋಚಿಸಿದರೆ ತಮ್ಮ ಇನ್ಸ್‌ಪೆಕ್ಟರು ಮಾಡಿದ್ದು ಸರಿಯೇ. ಕೋಲು ಗಿಡ್ಡವಾದರೆ ಅದೇ ಬಟ್ಟೆ ಹೆಚ್ಚು ಮೀಟರ್ ಆಗುತ್ತದೆ. ಗಿರಾಕಿಗೆ ಸಿಗುವುದು ಕಡಿಮೆ, ಲೆಕ್ಕ ಮಾತ್ರ ಪೂರ್ತಿ. ಹೊಸ ಕೋಲು ತಂದೆ, ತಮ್ಮ ಕಚೇರಿಯಲ್ಲಿ ಮುದ್ರೆ ಒತ್ತಿಸಿದೆ, ಪ್ರತಿ ವರ್ಷ ತಪ್ಪದೆ ಬಂದು ಒತ್ತಿಸಿಕೊಂಡು ಹೋಗುತ್ತಿದ್ದೇನೆ. ಈ ಒಂದು ಮೀಟರ್ ಉದ್ದದ ಮರದ ತುಂಡನ್ನು ತಾವು ಕಾಯುತ್ತೀರಿ. ಇಡೀ ದೇಶದ ರಸ್ತೆಗಳನ್ನು ಹಗಲೆಲ್ಲ ಅಳೆಯುತ್ತಾ ಓಡುವ ಕಾರಿನ ಮೀಟರನ್ನು ಕಾಯುವವರು ಯಾರು?

ಈಗ ಷಡ್ಡಕನ ವಿಷಯಕ್ಕೆ ಬರುತ್ತೇನೆ. ಅವನು ನನ್ನ ಹೆಂಡತಿಯ ತಂಗಿಯ ಗಂಡ. ನನ್ನ ಅಂಗಡಿಯ ಎದುರು ಸಾಲಿನಲ್ಲಿ, ಸರಿಯಾಗಿ ನನ್ನ ಮೂಗಿನ ನೇರಕ್ಕೆ, ಅವನ ಕನ್ನಡಕದ ಅಂಗಡಿ. ನಾನು ಕೂತಲ್ಲಿಂದ ಕತ್ತೆತ್ತಿದರೆ ಕಾಣುವುದು ಅವನ ಗಾಜಿನ ಬಾಗಿಲು, ಅದರ ಹಿಂದೆ ಇಸ್ತ್ರಿ ಕೆಡದ ಅಂಗಿಯಲ್ಲಿ ಅವನು. ಕೆಟ್ಟವನಾಗಿದ್ದರೆ ನನ್ನ ಬದುಕು ಸುಲಭವಾಗುತ್ತಿತ್ತು. ಬೈದು ಹಗುರಾಗುತ್ತಿದ್ದೆ. ಅವನು ಒಳ್ಳೆಯವನು, ಸಾಲದ್ದಕ್ಕೆ ನನ್ನನ್ನು ‘ಅಣ್ಣಾ’ ಎನ್ನುತ್ತಾನೆ. ಅವನ ಗಿಡ ಹೂ ಬಿಡುತ್ತದೆ, ನನ್ನದಕ್ಕೆ ಹುಳ ಹತ್ತುತ್ತದೆ. ಅವನು ಬಾಗಿಲ ಹೊರಗೆ ಒಂದು ಬೆಂಚು ಹಾಕಿದರೆ ಬೀದಿಯ ಹಿರಿಯರೆಲ್ಲ ಅಲ್ಲಿ ಕೂರುತ್ತಾರೆ. ನಾನು ಹಾಕಿದ ಬೆಂಚಿನ ಮೇಲೆ ನಾಯಿ ಮಲಗುತ್ತದೆ. ಎರಡೂವರೆ ವರ್ಷದ ಹಿಂದೆ ಇಬ್ಬರೂ ಒಟ್ಟಿಗೆ ಹೋಗಿ ಕಾರು ಕೊಂಡೆವು. ನನ್ನದು ಬಿಳಿ, ಅವನದು ಬೂದಿ. ಇಬ್ಬರೂ ಅಂಗಡಿಯ ಸರಕಿಗಾಗಿ ವಾರವಾರ ದೂರದ ಊರುಗಳಿಗೆ ಓಡಾಡುವವರು. ಶೋರೂಮಿನವರು ಇಬ್ಬರಿಗೂ ಒಂದೇ ಥರದ ವಾರಂಟಿ ಪುಸ್ತಕ ಕೊಟ್ಟರು: ಮೂರು ವರ್ಷ ಅಥವಾ ಅರವತ್ತು ಸಾವಿರ ಕಿಲೋಮೀಟರ್, ಯಾವುದು ಮೊದಲೋ ಅದು.

ಇನ್ನು ನಮ್ಮಿಬ್ಬರಿಗೂ ಸೇರಿದ ಅತ್ತೆ. ಮಾವ ತೀರಿಕೊಂಡ ಮೇಲೆ ಹನ್ನೊಂದು ವರ್ಷ ನನ್ನ ಮನೆಯಲ್ಲೇ ಇದ್ದರು. ಬೆಳಿಗ್ಗೆ ನನ್ನ ಜೊತೆಗೇ ಅಂಗಡಿಗೆ ಬಂದು, ಗಲ್ಲಾಪೆಟ್ಟಿಗೆಯ ಎಡಗಡೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಟ್ಟೆ ಅಳೆಯುವುದು, ಮಡಿಸುವುದು, ಥಾನು ಎಣಿಸುವುದು ಎಲ್ಲ ಅವರದೇ. ಅವರಿಗೆ ಎಣಿಸುವ ಚಟ. ಮೆಟ್ಟಿಲು ಹತ್ತಿದರೆ ಮೆಟ್ಟಿಲು ಎಣಿಸುತ್ತಾರೆ, ಕಾಯುತ್ತಾ ಕೂತರೆ ಗೋಡೆಯ ಟೈಲ್ಸ್ ಎಣಿಸುತ್ತಾರೆ. ನನಗೆ ತಾಯಿಯ ನೆನಪಿಲ್ಲ. ‘ಊಟ ಆಯ್ತಾ’ ಎಂದು ಯಾರಾದರೂ ನನ್ನನ್ನು ದಿನಾ ಕೇಳಿದ್ದರೆ ಅದು ಅತ್ತೆ ಮಾತ್ರ. ಇದನ್ನು ಅವರಿಗೆ ಎಂದೂ ಹೇಳಲಿಲ್ಲ, ತಮಗೆ ಹೇಳುತ್ತಿದ್ದೇನೆ ನೋಡಿ.

ಒಂದೂವರೆ ವರ್ಷದ ಹಿಂದೆ ಅತ್ತೆ ಸ್ನಾನದ ಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಆಮೇಲೆ ವಾರಕ್ಕೆರಡು ದಿನ ಪಕ್ಕದ ಊರಿನ ಆಸ್ಪತ್ರೆಗೆ ಕರೆದೊಯ್ದು ವ್ಯಾಯಾಮ ಮಾಡಿಸಬೇಕೆಂದರು. ಮಂಗಳವಾರ ನನ್ನ ಸರದಿ, ಶುಕ್ರವಾರ ಷಡ್ಡಕನ ಸರದಿ. ನಮ್ಮ ಮನೆಯ ಮುಂದಿನ ಕಲ್ಲಿನಿಂದ ಆಸ್ಪತ್ರೆಯ ಗೇಟಿನವರೆಗೆ ನೇರ ರಸ್ತೆ, ಕಿಲೋಮೀಟರಿಗೊಂದು ಕಲ್ಲು. ಅತ್ತೆ ಮುಂದಿನ ಸೀಟಿನಲ್ಲಿ ಕೂತು, ಹೊರಟ ಕಲ್ಲನ್ನು ಬಿಟ್ಟು, ಮುಂದಿನದರಿಂದ ಎಣಿಸುತ್ತಿದ್ದರು. ನಾನು ಮಧ್ಯೆ ಮಧ್ಯೆ ಮಾತಾಡಿಸಿ ಲೆಕ್ಕ ತಪ್ಪಿಸಲು ನೋಡುತ್ತಿದ್ದೆ, ಅವರು ಬಿಡುತ್ತಿರಲಿಲ್ಲ. ಇಡೀ ವಾರದಲ್ಲಿ ನನಗೆ ಇಷ್ಟವಾದ ಹೊತ್ತು ಅದೊಂದೇ.

ಮೊದಲ ಮಂಗಳವಾರವೇ ಗೇಟಿನ ಹತ್ತಿರ ಬಂದಾಗ ಅತ್ತೆ ಅಂದರು: “ಇಪ್ಪತ್ತೈದು.”

ನಾನು ಮೀಟರ್ ನೋಡಿದೆ. “ಇಪ್ಪತ್ತಾರು, ಅತ್ತೆ. ಒಂದು ಕಲ್ಲು ನುಂಗಿಬಿಟ್ರಲ್ಲ!”

ಇಬ್ಬರೂ ನಕ್ಕೆವು. ಮುಂದಿನ ವಾರವೂ ಅವರದು ಇಪ್ಪತ್ತೈದು, ಕಾರಿನದು ಇಪ್ಪತ್ತಾರು. ಅದರ ಮುಂದಿನ ವಾರವೂ ಹಾಗೇ. ನಾಲ್ಕನೇ ವಾರ ಅವರು ನಗಲಿಲ್ಲ. ಕಿಟಕಿಗೆ ಮೂಗು ಹಚ್ಚಿಕೊಂಡು, ಬೆರಳು ಮಡಿಸಿ ಮಡಿಸಿ ಎಣಿಸಿದರು. ಮತ್ತೆ ಇಪ್ಪತ್ತೈದು. ತಾವೇ ಹೇಳಿ ಮಾನ್ಯರೇ, ತಾವಾಗಿದ್ದರೆ ಯಾರನ್ನು ನಂಬುತ್ತಿದ್ದಿರಿ? ಒಂದು ಕಡೆ ಎಪ್ಪತ್ತೊಂದು ವರ್ಷದ, ಆಪರೇಷನ್ ಆದ, ಮಾತ್ರೆ ನುಂಗಿ ಆಗಾಗ ಕಣ್ಣು ಮುಚ್ಚುವ ಹೆಂಗಸು. ಇನ್ನೊಂದು ಕಡೆ ಹಸಿರು ಬೆಳಕಿನಲ್ಲಿ ಅಂಕಿ ಹೊಳೆಯುವ ಯಂತ್ರ. ನಾನು ಯಂತ್ರವನ್ನು ನಂಬಿದೆ.

ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. ಹೆಂಡತಿಗೆ ಹೇಳಿದೆ: “ಅಮ್ಮಂಗೆ ಯಾಕೋ ಲೆಕ್ಕ ತಪ್ತಾ ಇದೆ ಕಣೇ.” ಅವಳು ತಂಗಿಗೆ ಹೇಳಿದಳು. ನಾನು ವ್ಯಾಯಾಮ ಮಾಡಿಸುವ ಡಾಕ್ಟರಮ್ಮನಿಗೆ ಹೇಳಿದೆ. ಅಂಗಡಿಗೆ ಬಂದವರಿಗೆ, ಕಾಳಜಿಯ ಧ್ವನಿಯಲ್ಲಿ, ಅತ್ತೆಗೆ ಕೇಳಿಸುವುದಿಲ್ಲವೆಂದುಕೊಂಡು, “ವಯಸ್ಸಾಯ್ತು ನೋಡಿ, ಮರೆವು ಶುರುವಾಗಿದೆ” ಎಂದೆ. ಆಮೇಲೆ ಒಂದು ದಿನ ಮೂಲೆಯಂಗಡಿಯ ದರ್ಜಿ ಹನ್ನೆರಡು ಮೀಟರ್ ಅಸ್ತರಿನ ಬಟ್ಟೆ ಕೇಳಿದ. ಅತ್ತೆ ಅಳೆಯುತ್ತಿದ್ದರು, ಏಳನೇ ಮೀಟರಿನಲ್ಲಿದ್ದರು. ನಾನು ಎದ್ದು ಹೋಗಿ, “ಕೊಡಿ ಅತ್ತೆ, ನಾನು ಅಳೀತೀನಿ, ಆಮೇಲೆ ಹೆಚ್ಚುಕಮ್ಮಿ ಆದ್ರೆ ಕಷ್ಟ” ಎಂದು ಅವರ ಕೈಯಿಂದ ಕೋಲು ತೆಗೆದುಕೊಂಡೆ. ದರ್ಜಿಯ ಎದುರಿಗೇ ತೆಗೆದುಕೊಂಡೆ. ಅತ್ತೆ ಕೈ ಮಡಿಲಲ್ಲಿಟ್ಟುಕೊಂಡು ಕೂತರು.

ಮುಂದಿನ ಮಂಗಳವಾರ ನನ್ನ ಕಾರಿನಲ್ಲಿ ಅವರು ಎಣಿಸಲಿಲ್ಲ. “ಯಾಕೆ ಅತ್ತೆ?” ಎಂದೆ. “ಸುಮ್ನೆ ಯಾಕೆ, ಹೆಂಗೂ ತಪ್ಪತ್ತೆ” ಎಂದರು. ಶುಕ್ರವಾರ ಷಡ್ಡಕನ ಕಾರಿನಲ್ಲಿ ಹೋಗಿ ಬಂದು ಇಳಿದಾಗ ಮಾತ್ರ ಮುಖ ಅರಳಿತ್ತು. “ಅವರ ಕಾರಲ್ಲಿ ನನ್ನ ಲೆಕ್ಕ ಒಂದಿನವೂ ತಪ್ಪಲ್ಲ” ಎಂದು ಚಿಕ್ಕ ಮಗಳ ಹತ್ತಿರ ಹೇಳಿದರಂತೆ. ನನ್ನ ನಾದಿನಿ ಅದನ್ನು ಹಿಡಿದುಕೊಂಡಳು. ಅಮ್ಮ ನಮ್ಮ ಜೊತೆ ಇದ್ದಾಗ ಚುರುಕಾಗಿರುತ್ತಾಳೆ, ನಿಮ್ಮ ಮನೆಯಲ್ಲಿ ಮಂಕಾಗುತ್ತಾಳೆ, ಸ್ವಲ್ಪ ದಿನ ನಮ್ಮಲ್ಲೇ ಇರಲಿ ಎಂದಳು. ಅತ್ತೆಯೂ ಬೇಡವೆನ್ನಲಿಲ್ಲ. ಎರಡು ಚೀಲ, ಒಂದು ಊರುಗೋಲು, ಅಷ್ಟೇ ಅವರ ಸಾಮಾನು. ನಾಲ್ಕು ಮನೆ ಆಚೆಗೆ ಹೋದರು.

ಮಾರನೇ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದು ಕತ್ತೆತ್ತಿದರೆ ಏನು ಕಾಣುತ್ತದೆ? ಎದುರಿನ ಗಾಜಿನ ಹಿಂದೆ ನನ್ನ ಅತ್ತೆ. ಮುಂದೆ ಕನ್ನಡಕಗಳ ಟ್ರೇ, ಕೈಯಲ್ಲಿ ಹಳದಿ ಬಟ್ಟೆ. ಒಂದೊಂದೇ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಎಣಿಸಿ ಇಡುತ್ತಿದ್ದಾರೆ. ತುಟಿ ಅಲುಗುವುದು ಇಲ್ಲಿಗೂ ಕಾಣುತ್ತದೆ. ಷಡ್ಡಕ ಏನೋ ಹೇಳುತ್ತಾನೆ, ಅವರು ನಗುತ್ತಾರೆ. ಹನ್ನೊಂದು ವರ್ಷ ನನ್ನ ಎಡಗಡೆ ಇದ್ದ ನಗು ಅದು. ಆ ಹೊತ್ತಿಗೆ ನನ್ನ ಹೊಟ್ಟೆಯೊಳಗೆ ಆದದ್ದಕ್ಕೆ ತಮ್ಮ ಕಚೇರಿಯಲ್ಲಿ ಯಾವ ಅಳತೆಗೋಲೂ ಇರಲಾರದು.

ಸರದಿಯೊಂದು ಉಳಿದಿತ್ತಲ್ಲ, ಮಂಗಳವಾರದ್ದು. ಅದನ್ನೂ ಕಾರು ತೆಗೆಯಿತು. ಏಳು ತಿಂಗಳ ಹಿಂದೆ ಒಂದು ಮಂಗಳವಾರ, ವ್ಯಾಯಾಮ ಮುಗಿಸಿ ಅತ್ತೆಯನ್ನು ಕೂರಿಸಿಕೊಂಡು ಆಸ್ಪತ್ರೆಯ ಗೇಟಿನ ಹೊರಗೆ ಬಂದೆ. ಎರಡನೇ ಗೇರಿಗೆ ಹಾಕುವಷ್ಟರಲ್ಲಿ ಒಳಗೆ ಕರಕರ ಎಂದಿತು. ಎಂಜಿನ್ ಕೂಗುತ್ತದೆ, ಗಾಡಿ ಅಲುಗುವುದಿಲ್ಲ. ಗೇರ್‌ಬಾಕ್ಸ್ ಹೋಗಿತ್ತು. ಮೀಟರಿನಲ್ಲಿ ಅರವತ್ತು ಸಾವಿರದ ನಾನೂರ ಹನ್ನೆರಡು. ಹೆಂಡತಿಗೆ ಫೋನ್ ಮಾಡಿದೆ. ಅವಳು ಯಾರಿಗೆ ಮಾಡಿದಳೆಂದು ಬೇರೆ ಹೇಳಬೇಕಿಲ್ಲ. ಅರ್ಧ ಗಂಟೆಯಲ್ಲಿ ಬೂದಿ ಬಣ್ಣದ ಕಾರು ಬಂತು.

“ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ, ನಾನು ಎಳ್ಕೊಂಡು ಹೋಗ್ತೀನಿ. ಹಗ್ಗ ಇದ್ಯಾ?”

ಹಗ್ಗ ಇರಲಿಲ್ಲ. ಡಿಕ್ಕಿಯಲ್ಲಿ ಗಿರಾಕಿಯೊಬ್ಬರಿಗೆ ಕೊಡಬೇಕಿದ್ದ ಡೇರೆಯ ದಪ್ಪ ಬಟ್ಟೆಯ ಥಾನಿತ್ತು. ಅದನ್ನೇ ಅಳೆದು ಹರಿದು, ಮೂರೆಳೆ ಹೊಸೆದು ಕಟ್ಟಿದೆವು. ಅಭ್ಯಾಸಬಲ ನೋಡಿ, ಅಲ್ಲೂ ನಾಲ್ಕು ಬೆರಳು ಹೆಚ್ಚೇ ಬಿಟ್ಟಿದ್ದೆ. ಅತ್ತೆ ನನ್ನ ಕಾರಿನಿಂದ ಇಳಿದು, ಊರುಗೋಲು ಊರುತ್ತಾ ಹೋಗಿ, ಅವನ ಮುಂದಿನ ಸೀಟಿನಲ್ಲಿ ಕೂತರು. ಸ್ಟೀರಿಂಗ್ ತಿರುಗಬೇಕಾದರೆ ಚಾವಿ ತಿರುಗಿಸಿಯೇ ಇಟ್ಟಿರಬೇಕು, ಹಾಗಾಗಿ ಮೀಟರು ಉರಿಯುತ್ತಲೇ ಇತ್ತು, ಎಣಿಸುತ್ತಲೇ ಇತ್ತು. ನಾನು ನನ್ನದೇ ಬಟ್ಟೆಗೆ ಕಟ್ಟಿಸಿಕೊಂಡು, ಎತ್ತಿನ ಹಿಂದಿನ ಗಾಡಿಯ ಹಾಗೆ, ಒಂದು ಗಂಟೆಗೂ ಹೆಚ್ಚು ಹೊತ್ತು ಅವನ ಹಿಂದೆ ಬಂದೆ. ಎದುರಿಗೆ ಕಾಣುತ್ತಿದ್ದದ್ದು ಅವರಿಬ್ಬರ ತಲೆಗಳ ಹಿಂಭಾಗ. ಒಂದೊಂದು ಕಲ್ಲು ಬಂದಾಗಲೂ ಅತ್ತೆಯ ತಲೆ ಕಿಟಕಿಯತ್ತ ತಿರುಗುತ್ತಿತ್ತು.

ಮನೆಯ ಮುಂದೆ ಅತ್ತೆ ಇಳಿದರು. “ಇಪ್ಪತ್ತೈದು” ಎಂದರು, ಯಾರಿಗೂ ಅಲ್ಲ, ತಮಗೇ ತಾವು.

“ನಂದೂ ಇಪ್ಪತ್ತೈದೇ ಅತ್ತೆ” ಎಂದ ಷಡ್ಡಕ, ಒಳಗೆ ಬಗ್ಗಿ ನೋಡಿ.

ನಾನು ನನ್ನ ಮೀಟರ್ ನೋಡಿದೆ. ನಾನೂರ ಹನ್ನೆರಡು ಇದ್ದದ್ದು ನಾನೂರ ಮೂವತ್ತೆಂಟಾಗಿತ್ತು. ಇಪ್ಪತ್ತಾರು. ಒಂದೇ ರಸ್ತೆ, ಒಂದೇ ಹಗ್ಗ, ಮಧ್ಯೆ ಆರೇಳು ಮಾರು ಅಂತರ. ಮುಂದಿನ ಕಾರು ಇಪ್ಪತ್ತೈದು ಓಡಿದರೆ ಹಿಂದಿನ ಕಾರು ಇಪ್ಪತ್ತಾರು ಓಡುವುದು ಹೇಗೆ ಸಾಧ್ಯ? ಹಸುಗೂಸಿಗೂ ಅರ್ಥವಾಗುವ ವಿಷಯ. ನನಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾದದ್ದು ಬೇರೆಯೇ, ಅದನ್ನು ಮುಂದೆ ಹೇಳುತ್ತೇನೆ.

ಸರ್ವಿಸ್ ಸೆಂಟರಿನ ಮ್ಯಾನೇಜರು ಕಂಪ್ಯೂಟರ್ ನೋಡಿ ತುಂಬ ವಿಷಾದದಿಂದ ತಲೆಯಾಡಿಸಿದರು. “ನಾನೂರ ಮೂವತ್ತೆಂಟು ಕಿಲೋಮೀಟರ್ ಮೀರಿ ಹೋಗಿದೆ ಸರ್. ಒಂದು ವಾರ ಮುಂಚೆ ಕೆಟ್ಟಿದ್ರೆ ಹೊಸದೇ ಹಾಕಿ ಕೊಡ್ತಿದ್ವಿ.” ಬೇಗ ಕೆಡದೆ ತಡವಾಗಿ ಕೆಟ್ಟದ್ದು ನನ್ನ ಗೇರ್‌ಬಾಕ್ಸಿನ ಅಪರಾಧ. ಸರಿ, ಹಣೆಬರಹ ಎಂದು ಕಾರನ್ನು ಅಂಗಡಿಯ ಹಿಂದೆ ಟಾರ್ಪಾಲು ಹೊದಿಸಿ ನಿಲ್ಲಿಸಿದೆ. ಮಂಗಳವಾರವೂ ಷಡ್ಡಕನ ಪಾಲಾಯಿತು.

ಆರು ತಿಂಗಳು ಕಳೆದು ಷಡ್ಡಕನ ಗೇರ್‌ಬಾಕ್ಸೂ ಅದೇ ಥರ ಕರಕರ ಎಂದಿತು. ನಿಜ ಹೇಳುತ್ತೇನೆ, ಸುದ್ದಿ ಕೇಳಿ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಎರಡು ದಿನ ಅಷ್ಟೇ. ಅವನ ಮೀಟರಿನಲ್ಲಿ ಐವತ್ತೊಂಬತ್ತು ಸಾವಿರದ ಇನ್ನೂರು ಚಿಲ್ಲರೆ. ಹೊಸ ಗೇರ್‌ಬಾಕ್ಸ್ ಹಾಕಿ, ಕಾರು ತೊಳೆದು, ಕೈಕುಲುಕಿ ಕಳಿಸಿದರು. ಆಗ ನನಗೆ ಆ ಹಗ್ಗದ ದಿನ ನೆನಪಾಯಿತು. ಇಪ್ಪತ್ತೈದು, ಇಪ್ಪತ್ತಾರು. ಓಹೋ, ಇವನ ಮೀಟರ್ ನಿಧಾನ! ಕಳ್ಳ ಮೀಟರ್ ಇಟ್ಟುಕೊಂಡು ವಾರಂಟಿ ಹೊಡೆದುಕೊಂಡಿದ್ದಾನೆ! ಅದೇ ದಿನ ಕಂಪನಿಗೆ ಪತ್ರ ಬರೆದೆ, ಒಬ್ಬ ಜವಾಬ್ದಾರಿಯುತ ನಾಗರಿಕನೆಂದು ಸಹಿ ಹಾಕಿ. ಇಂಥ ಬಣ್ಣದ, ಇಂಥ ನಂಬರಿನ ಕಾರಿನ ಮೀಟರು ಕಡಿಮೆ ತೋರಿಸುತ್ತಿದೆ, ತಾವು ಮೋಸ ಹೋಗಿದ್ದೀರಿ, ಪರೀಕ್ಷಿಸಿ. ಹೌದು ಮಾನ್ಯರೇ, ನನ್ನ ಹೆಂಡತಿಯ ತಂಗಿಯ ಗಂಡನ ಮೇಲೆ ಚಾಡಿ ಬರೆದೆ. ನಾನು ಸರಿ ಎಂದು ಸಾಧಿಸಲು ಅಲ್ಲ. ಅವನದೂ ಟಾರ್ಪಾಲಿನ ಕೆಳಗೆ ಹೋಗಲಿ ಎಂದು.

ಕಂಪನಿಯವರು ಕೂಡಲೇ ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿದರು. ನನ್ನ ಮೀಟರು ನೋಡಲು ಇವತ್ತಿಗೂ ಬಿಡುವಿಲ್ಲದವರಿಗೆ ಅವನದನ್ನು ನೋಡಲು ಎಲ್ಲಿಲ್ಲದ ಉತ್ಸಾಹ. ಪತ್ರ ಯಾರದೆಂದು ಷಡ್ಡಕನಿಗೆ ಗೊತ್ತಾಗಿತ್ತು. ಅವನು ರಸ್ತೆ ದಾಟಿ ಬಂದು, “ನೀವೂ ಬನ್ನಿ ಅಣ್ಣಾ, ನಿಮ್ಮ ಕಣ್ಣಾರೆ ನೋಡಿಬಿಡೋಣ” ಎಂದ. ಧ್ವನಿಯಲ್ಲಿ ಒಂದು ಚೂರೂ ವ್ಯಂಗ್ಯವಿಲ್ಲ. ಆ ಒಳ್ಳೆಯತನ ಕಂಡು ಇನ್ನಷ್ಟು ಉರಿಯಿತು. ಮೂವರೂ ಹೋದೆವು. ಮನೆಯಿಂದ ಆಸ್ಪತ್ರೆಯ ಗೇಟಿಗೆ, ಮತ್ತೆ ವಾಪಸ್ಸು. ಮೆಕ್ಯಾನಿಕ್ ಕಲ್ಲು ಎಣಿಸಿ ಚೀಟಿಯಲ್ಲಿ ಗೀಟು ಹಾಕಿದ. ಹಿಂದಿನ ಸೀಟಿನಲ್ಲಿ ಕೂತು ನಾನೂ ಎಣಿಸಿದೆ, ಜನ್ಮದಲ್ಲಿ ಮೊದಲ ಸಲ. ಹೋಗುವಾಗ ಇಪ್ಪತ್ತೈದು ಕಲ್ಲು, ಮೀಟರಿನಲ್ಲಿ ಇಪ್ಪತ್ತೈದು. ಬರುವಾಗಲೂ ಅಷ್ಟೇ.

“ಇವರದ್ದು ಕರೆಕ್ಟಾಗಿದೆ ಸರ್” ಎಂದ ಮೆಕ್ಯಾನಿಕ್. “ಹಗ್ಗ ಕಟ್ಟಿ ಬಂದಾಗ ನಿಮ್ದು ಇಪ್ಪತ್ತಾರು ತೋರ್ಸಿದ್ರೆ, ಹೆಚ್ಚು ಓಡ್ತಾ ಇರೋದು ನಿಮ್ದೇ.”

ತೋಡಿದ ಹಳ್ಳಕ್ಕೆ ತಾನೇ ಬಿದ್ದವನು ಕನಿಷ್ಠ ಪಕ್ಷ ನೀರಾದರೂ ಸಿಕ್ಕಿತೇ ಎಂದು ನೋಡುತ್ತಾನೆ. ನಾನೂ ನೋಡಿದೆ. ನನ್ನ ಮೀಟರು ಹೆಚ್ಚು ಓಡುತ್ತಿದ್ದರೆ, ಕಾರು ಕೆಟ್ಟ ದಿನ ಅದು ನಿಜವಾಗಿ ಓಡಿದ್ದದ್ದು ಐವತ್ತೆಂಟು ಸಾವಿರದ ಎಂಬತ್ತೆಂಟು ಕಿಲೋಮೀಟರ್. ವಾರಂಟಿಗೆ ಇನ್ನೂ ಸಾವಿರದ ಒಂಬೈನೂರು ಬಾಕಿ. ಮ್ಯಾನೇಜರ ಬಳಿ ಓಡಿದೆ. ಮೆಕ್ಯಾನಿಕ್ ಹೇಳಿದ್ದನ್ನು ಬರೆದು ಕೊಡಿ ಎಂದೆ. ಅವರು ಕುರ್ಚಿಗೆ ಒರಗಿ ಕೂತು ಒಂದು ಮಾತು ಹೇಳಿದರು, ಅದನ್ನು ತಮ್ಮ ಕಚೇರಿಯ ಬಾಗಿಲ ಮೇಲೆ ಕೆತ್ತಿಸಬಹುದು:

“ಮೀಟರ್ ಹೇಳಿದ್ದೇ ಕಿಲೋಮೀಟರ್ ಸರ್.”

ವಾರಂಟಿ ಪುಸ್ತಕದಲ್ಲೂ ಹಾಗೇ ಇದೆಯಂತೆ, ಮೀಟರಿನ ಅಂಕಿಯೇ ಅಂತಿಮ. ನನ್ನ ಅಂಗಡಿಯಲ್ಲಿ ನಾನು ‘ಕೋಲು ಹೇಳಿದ್ದೇ ಮೀಟರ್’ ಎಂದಿದ್ದರೆ ತಮ್ಮ ಇನ್ಸ್‌ಪೆಕ್ಟರು ಏನು ಮಾಡುತ್ತಿದ್ದರು? ಮ್ಯಾನೇಜರು ಇನ್ನೂ ಒಂದು ಸಮಾಧಾನ ಹೇಳಿದರು. ಸ್ಪೀಡೋಮೀಟರೂ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಎಪ್ಪತ್ತರಲ್ಲಿ ಹೋಗುವವನಿಗೆ ಎಪ್ಪತ್ತೈದು ಎಂದು ಕಾಣಿಸುತ್ತದೆ, ಅದು ನಮ್ಮ ಒಳ್ಳೆಯದಕ್ಕೇ, ನಿಧಾನವಾಗಿ ಹೋಗಲಿ ಎಂದು. ಆಯಿತು, ಒಪ್ಪಿದೆ. ವೇಗವನ್ನು ಹೆಚ್ಚು ತೋರಿಸುವುದು ನನ್ನ ಪ್ರಾಣ ಉಳಿಸಲು. ದೂರವನ್ನು ಹೆಚ್ಚು ತೋರಿಸುವುದು ಯಾರ ಪ್ರಾಣ ಉಳಿಸಲು? ಕಡಿಮೆ ತೋರಿಸುವ ಮೀಟರಿನ ಮೇಲೆ ದೂರು ಬಂದರೆ ಅದೇ ವಾರ ಮೆಕ್ಯಾನಿಕ್ ಬರುತ್ತಾನೆ. ಹೆಚ್ಚು ತೋರಿಸುವ ಮೀಟರು ಏಳು ತಿಂಗಳಿಂದ ನಿಂತಿದ್ದರೂ ಟಾರ್ಪಾಲು ಎತ್ತಿ ನೋಡುವವರಿಲ್ಲ. ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುವುದಾದರೆ ಅದನ್ನು ತಪ್ಪು ಎನ್ನುತ್ತಾರೆಯೇ?

ಸಾರಿಗೆ ಕಚೇರಿಗೆ ಹೋದೆ. ಅಳತೆಯ ವಿಷಯವಾದ್ದರಿಂದ ತಮ್ಮಲ್ಲಿಗೆ ಹೋಗಿ ಎಂದರು. ತಮ್ಮಲ್ಲಿಗೆ ಬಂದೆ. ವಾಹನದ ವಿಷಯವಾದ್ದರಿಂದ ಸಾರಿಗೆಗೆ ಹೋಗಿ ಎಂದು ತಮ್ಮ ಗುಮಾಸ್ತರು, ತಲೆಯೆತ್ತದೆ, ಹೇಳಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಎರಡು ಕಚೇರಿಗಳ ನಡುವಿನ ದೂರ ಎಷ್ಟೆಂದು ಮಾತ್ರ ಕೇಳಬೇಡಿ. ನಡೆದೇ ಹೋದೆ, ನನ್ನ ಕಾಲಿಗೆ ಮೀಟರಿಲ್ಲ.

ಲೆಕ್ಕ ಮಾಡಿ ನೋಡಿದೆ. ನನ್ನ ಕೋಲು ಮೀಟರಿಗೆ ಮೂರು ಮಿಲಿಮೀಟರ್ ಕಡಿಮೆ ಇತ್ತು, ಅರಗು ಹಾಕಿ ಜಪ್ತಿ ಮಾಡಿದಿರಿ. ನನ್ನ ಕಾರಿನ ಕೋಲು ಮೀಟರಿಗೆ ಮೂವತ್ತೆಂಟು ಮಿಲಿಮೀಟರ್ ಕಡಿಮೆ. ಹನ್ನೆರಡು ಪಟ್ಟಿಗೂ ಹೆಚ್ಚು ಸವೆದ ಕೋಲಿನಿಂದ ಒಂದು ಕಂಪನಿ ನನಗೆ ದಾರಿಯನ್ನು ಅಳೆದು ಕೊಟ್ಟಿದೆ, ನಾಲ್ಕು ಬೆರಳು ಬಿಡುವ ಮಾತಂತೂ ಇಲ್ಲ. ಬಟ್ಟೆ ಅಂಗಡಿಯವನು ಸಣ್ಣವನು, ಕೈಗೆ ಸಿಗುತ್ತಾನೆ, ಅವನ ಕೋಲು ಪೇಪರಿನಲ್ಲಿ ಸುತ್ತುವಷ್ಟಿರುತ್ತದೆ. ತಮ್ಮ ಕಷ್ಟ ನನಗೂ ಅರ್ಥವಾಗುತ್ತದೆ.

ಆದರೆ ಗೇರ್‌ಬಾಕ್ಸಿಗಾಗಿ ಈ ಪತ್ರ ಬರೆಯಬೇಕಾಗಿರಲಿಲ್ಲ. ಮೆಕ್ಯಾನಿಕ್ ‘ಓಡ್ತಾ ಇರೋದು ನಿಮ್ದೇ’ ಎಂದಾಗ ವಾರಂಟಿಯ ಲೆಕ್ಕ ಹಾಕಿದೆನಲ್ಲ, ಇನ್ನೊಂದು ಲೆಕ್ಕ ಹಾಕಲು ನನಗೆ ಮೂರು ದಿನ ಬೇಕಾಯಿತು. ಮೂರನೇ ದಿನ ಅಂಗಡಿಯಲ್ಲಿ ಯಾರಿಗೋ ಬಟ್ಟೆ ಅಳೆಯುತ್ತಾ ಏಳನೇ ಮೀಟರಿಗೆ ಬಂದಿದ್ದೆ, ಕೈ ನಿಂತುಹೋಯಿತು. ಹಾಗಾದರೆ ಅತ್ತೆ ಒಂದು ಕಲ್ಲನ್ನೂ ನುಂಗಿರಲಿಲ್ಲ. ಒಂದು ಮಂಗಳವಾರವೂ. ಇಪ್ಪತ್ತಾರನೇ ಕಲ್ಲು ಆ ರಸ್ತೆಯಲ್ಲಿ ಇರಲೇ ಇಲ್ಲ. ಇಲ್ಲದ ಕಲ್ಲನ್ನು ನೋಡಲಿಲ್ಲವೆಂದು ನಾನು ಒಬ್ಬ ತಾಯಿಯ ಕೈಯಿಂದ ಕೆಲಸ ಕಿತ್ತುಕೊಂಡೆ.

ಕೋಲು ಹಿಡಿದುಕೊಂಡೇ ರಸ್ತೆ ದಾಟಿದೆ. ಷಡ್ಡಕನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಪರೀಕ್ಷೆಯ ದಪ್ಪ ಕನ್ನಡಕ ಹಾಕಿಕೊಂಡು ಗೋಡೆಯ ಅಕ್ಷರ ಓದುತ್ತಿದ್ದರು. ನನ್ನನ್ನು ಕೋಲಿನ ಸಮೇತ ಕಂಡು ಓದುವುದನ್ನು ನಿಲ್ಲಿಸಿದರು. ಅತ್ತೆ ಕನ್ನಡಕ ಒರೆಸುತ್ತಿದ್ದರು.

“ಅತ್ತೆ, ನಿಮ್ಮ ಲೆಕ್ಕ ಸರಿ ಇತ್ತು. ನನ್ನ ಮೀಟರ್ ತಪ್ಪು.”

“ನಂಗೊತ್ತು ಅಳಿಯಂದ್ರೇ.”

“ಗೊತ್ತಿದ್ದು ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ವಾರಾ ವಾರಾ ಹೇಳಿದೆ. ಇಪ್ಪತ್ತೈದು ಅಂತ.”

ಮನೆಗೆ ಬನ್ನಿ ಎಂದೆ. ಕುರ್ಚಿ ಹಾಗೇ ಇದೆ ಎಂದೆ. ಕೋಲನ್ನು ಅವರ ಕಡೆ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

“ನಂಗೆ ಮರೆವು ಅಂತ ಎಷ್ಟು ಜನಕ್ಕೆ ಹೇಳಿದ್ರಿ?”

“ಅದೆಲ್ಲ ಲೆಕ್ಕ ಇಟ್ಟಿಲ್ಲ ಅತ್ತೆ.”

“ನಾನಿಟ್ಟಿದೀನಿ. ಹದಿನಾಲ್ಕು. ನನ್ನ ಕಿವಿಗೆ ಬಿದ್ದಿದ್ದಷ್ಟೇ. ಅವರು ಇನ್ನೆಷ್ಟು ಜನಕ್ಕೆ ಹೇಳಿದಾರೋ. ಅಷ್ಟೂ ಜನಕ್ಕೆ ಗೊತ್ತಾಗೋ ಹಾಗೆ, ಇಲ್ಲ ಅಂತ ಹೇಳಿ. ಬರೋದು ಬಿಡೋದು ಆಮೇಲೆ ನೋಡೋಣ.”

ಷಡ್ಡಕ ನನ್ನ ಕಡೆ ನೋಡಿ, “ಕೂತ್ಕೊಳಿ ಅಣ್ಣಾ, ಟೀ ತರಿಸ್ತೀನಿ” ಎಂದ. ಕೂರಲಿಲ್ಲ. ವಾಪಸ್ಸು ಬಂದು ಈ ಪತ್ರಕ್ಕೆ ಕೂತೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಇಷ್ಟು. ತಮ್ಮ ಇನ್ಸ್‌ಪೆಕ್ಟರು ಅದೇ ಕೈಚೀಲ ಹಿಡಿದು ಬರಲಿ, ನನ್ನ ಟಾರ್ಪಾಲು ಎತ್ತಲಿ, ಆ ಮೀಟರನ್ನು ಪರೀಕ್ಷಿಸಿ ಕಂಡದ್ದನ್ನು ಕಂಡ ಹಾಗೆ ಬರೆಯಲಿ. ವಾರಂಟಿಗೆ ಕಿಲೋಮೀಟರಿನ ಲೆಕ್ಕ ಇಡುವ ಪ್ರತಿ ಕಾರಿನ ಮೀಟರಿಗೂ ನನ್ನ ಕೋಲಿಗೆ ಬೀಳುವಂಥ ಮುದ್ರೆ ಬೀಳಲಿ. ಮುದ್ರೆಯಿಲ್ಲದ ಮೀಟರಿನ ಮಾತು ಅಂತಿಮವಾಗದಿರಲಿ. ಸುಳ್ಳು ಹೇಳಿದ ಮೀಟರಿಗೆ ಅರಗು ಹಾಕಿ, ಹಳೆಯ ಪೇಪರಿನಲ್ಲಿ ಸುತ್ತಿ, ಶೋರೂಮಿನ ಗಿರಾಕಿಗಳೆಲ್ಲ ನೋಡುವ ಹಾಗೆ ತೆಗೆದುಕೊಂಡು ಹೋಗಲಿ. ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮ್ಯಾನೇಜರು ತಮ್ಮ ಕೈಯಾರೆ ಬರೆದುಕೊಡಲಿ. ಒಕ್ಕಣೆ ಹೇಗಿರಬೇಕೆಂದು ತಿಳಿಯದಿದ್ದರೆ ನನ್ನನ್ನು ಕೇಳಲಿ, ನನಗೆ ಅಭ್ಯಾಸವಿದೆ.

ತಾವು ಇದ್ಯಾವುದನ್ನೂ ಮಾಡದಿರಬಹುದು. ಆದರೂ ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ದರ್ಜಿ ಓದುತ್ತಾನೆ, ಡಾಕ್ಟರಮ್ಮ ಓದುತ್ತಾರೆ, ಹದಿನಾಲ್ಕೂ ಜನ ಓದುತ್ತಾರೆ. ಅವರಿಗಾಗಿ ಸ್ಪಷ್ಟವಾಗಿ ಬರೆಯುತ್ತೇನೆ. ನಮ್ಮ ಮನೆಯ ಮುಂದಿನಿಂದ ಆಸ್ಪತ್ರೆಯ ಗೇಟಿನವರೆಗೆ ಕಲ್ಲುಗಳು ಇಪ್ಪತ್ತೈದು. ನನ್ನ ಅತ್ತೆಗೆ ಮರೆವಿಲ್ಲ, ಎಂದೂ ಇರಲಿಲ್ಲ. ತಪ್ಪಿದ್ದು ನನ್ನ ಕಾರು, ಅದನ್ನು ನಂಬಿದ್ದು ನಾನು. ಮುದ್ರೆ ಬಿದ್ದ ಕೋಲನ್ನು ಗಲ್ಲಾಪೆಟ್ಟಿಗೆಯ ಎಡಗಡೆ, ಕುರ್ಚಿಯಲ್ಲಿ ಕೂತವರ ಕೈಗೆ ಎಟಕುವ ಹಾಗೆ ಇಟ್ಟಿದ್ದೇನೆ.

ಅತ್ತೆ ಈ ಪತ್ರವನ್ನು ಓದುವುದು ಎದುರಿನ ಗಾಜಿನ ಹಿಂದೆ ಕೂತು, ಷಡ್ಡಕ ಮಾಡಿಕೊಟ್ಟ ಹೊಸ ಕನ್ನಡಕದಲ್ಲಿ. ಅದಕ್ಕೂ ನನಗೆ ಹೊಟ್ಟೆಕಿಚ್ಚೇ. ಇರಲಿ, ಓದಲಿ.

ಇಂತಿ,
ತಮ್ಮ ಮುದ್ರೆ ಬಿದ್ದ ಕೋಲಿಗೂ ಯಾರ ಮುದ್ರೆಯೂ ಬೀಳದ ಕಾರಿಗೂ ಒಡೆಯನಾದ,
ಎಣಿಸಲು ತಡವಾಗಿ ಕಲಿತ
ದೊಡ್ಡಳಿಯ